ಆಸ್ಪತ್ರೆ ಮುಯ್ಯಿ

"ಯಾವ ಕಣ್ಣು, ಅಜ್ಜಿ?"

ಬಂದವರೆಲ್ಲ ಇದನ್ನೇ ಕೇಳುತ್ತಿದ್ದುದರಿಂದ ಚಿಕ್ಕನಿಂಗಮ್ಮನಿಗೆ ರೇಗಿಹೋಗಿತ್ತು. ಎಡಹುಬ್ಬಿನ ಮೇಲೆ ನೀಲಿ ಶಾಯಿಯ ಬಾಣ ಬರೆದಿದ್ದರು. ಹಣೆಗೆ ಅಂಟಿಸಿದ ಪಟ್ಟಿಯಲ್ಲಿ ಹೆಸರಿತ್ತು, ಕಣ್ಣು ಯಾವುದೆಂದೂ ಇತ್ತು. ಆದರೂ ಚೀಟಿ ಬರೆದವಳು ಕೇಳಿದಳು, ಬಿಪಿ ನೋಡಿದವಳು ಕೇಳಿದಳು, ಈಗ ಹನಿ ಹಾಕಲು ಬಂದ ನರ್ಸಿಂಗ್ ಹುಡುಗಿಯೂ ಕೇಳುತ್ತಿದ್ದಳು.

"ಎಡದ್ದು ಕಣವ್ವ. ಇನ್ನೆಷ್ಟ್ ಕಿತ ಹೇಳ್ಲಿ? ಬರ್ದಿರೋರೂ ನೀವೇ. ಓದ್ಕಬಾರ್ದಾ?"

ಹುಡುಗಿ ನಕ್ಕು, ಪಟ್ಟಿಯನ್ನು ಓದಿಯೇ ಎಡಗಣ್ಣಿನ ಕೆಳರೆಪ್ಪೆ ಎಳೆದು ಒಂದು ಹನಿ ಬಿಟ್ಟಳು. ಕಣ್ಣು ಮುಚ್ಚಿಕೊಂಡಿರಿ ಎಂದು ಹೇಳಿ ಪಕ್ಕದ ಮುದುಕನ ಬಳಿಗೆ ಹೋದಳು. ಅವನಿಗೂ ಅದೇ ಪ್ರಶ್ನೆ.

ಬೆಂಚಿನ ತುದಿಯಲ್ಲಿ ಎದುರು ಮನೆಯ ಹುಡುಗಿ ಮಂಗಳಗೌರಿ ಮುದುಕಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚಿಕ್ಕನಿಂಗಮ್ಮನ ಮೂಗುಬಟ್ಟು ಅವಳ ಕರ್ಚೀಫಿನ ಮೂಲೆಯಲ್ಲಿ ಗಂಟಾಗಿತ್ತು. ಬಿಚ್ಚಿಸುವಷ್ಟರಲ್ಲಿ ಸಾಕುಸಾಕಾಗಿತ್ತು, ಕೊನೆಗೆ ಸೋಪಿನ ನೀರು ಹಚ್ಚಬೇಕಾಯಿತು. ಇನ್ನೊಂದು ಕೈಯಲ್ಲಿ ಮೊಬೈಲು. ನರ್ಸಿಂಗ್ ಸೀಟಿನ ಕೊನೆಯ ಸುತ್ತಿನ ಫಲಿತಾಂಶ ಇವತ್ತು ಬರಬೇಕಿತ್ತು. ತೆರೆಯ ನಡುವೆ ಸಣ್ಣ ಚಕ್ರವೊಂದು ಸುತ್ತುತ್ತಲೇ ಇತ್ತು. ಸ್ವಲ್ಪ ಹೊತ್ತು ನೋಡಿ ಅವಳು ಮೊಬೈಲನ್ನು ಬೋರಲು ಹಾಕಿದಳು. ಆಮೇಲೆ ಮತ್ತೆ ತಿರುಗಿಸಿದಳು.

ಮೊದಲನೆಯ ಸಲ ಹೀಗಿರಲಿಲ್ಲ. ಪಿಯುಸಿ ಮುಗಿಸಿದ ವರ್ಷ ಗುಂಡ್ಲುಪೇಟೆಯ ಸೈಬರ್ ಅಂಗಡಿಯಲ್ಲಿ ಅವ್ವನೊಂದಿಗೆ ನಿಂತು ನೋಡಿದಾಗ ಸೀಟು ಬಂದಿತ್ತು. ಅದೂ ಸರ್ಕಾರಿ ಸೀಟು. ಅವ್ವ ನಾಗಲಕ್ಷ್ಮಿ ಅಲ್ಲಿಂದ ನೇರವಾಗಿ ಬೇಕರಿಗೆ ನಡೆದು, ಹಂಗಳದ ತಮ್ಮ ಬೀದಿಗೆಲ್ಲ ಸಾಲುವಷ್ಟು ಮೈಸೂರುಪಾಕು ಕಟ್ಟಿಸಿಕೊಂಡಿದ್ದಳು. ತಾವು ನೋಡಿದ್ದು ಅಣಕು ಹಂಚಿಕೆ, ನಿಜವಾದ ಹಂಚಿಕೆಗೆ ಮುಂಚೆ ಸುಮ್ಮನೆ ಅಂದಾಜಿಗೆಂದು ತೋರಿಸುವುದು ಎಂದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಸೈಬರ್ ಅಂಗಡಿಯವನೂ ಹೇಳಲಿಲ್ಲ. ನಿಜವಾದದ್ದು ಬಂದಾಗ ಅವಳ ಹೆಸರಿನ ಮುಂದೆ ಏನೂ ಇರಲಿಲ್ಲ. ಅಷ್ಟರಲ್ಲಿ ಮೈಸೂರುಪಾಕು ತಿಂದು ಮುಗಿದಿತ್ತು, ಬೀದಿಯವರು ಅವಳನ್ನು ನರ್ಸಮ್ಮ ಎಂದು ಕರೆಯತೊಡಗಿದ್ದರು.

ಮರುವರ್ಷ ಮತ್ತೆ ಪರೀಕ್ಷೆ ಬರೆದಳು. ಸುಮ್ಮನೆ ಮನೆಯಲ್ಲಿರಬಾರದೆಂದು ಗುಂಡ್ಲುಪೇಟೆಯಲ್ಲೇ ಬಿಎಸ್ಸಿಗೆ ಸೇರಿದಳು. ಡಿಗ್ರಿ ಓದುತ್ತ ಒಂದು ಸಲ, ಮುಗಿಸಿದ ಮೇಲೆ ಈಗ ಇನ್ನೊಂದು ಸಲ. ಅವಳ ಅಂಕ ಪ್ರತಿಸಲ ಸ್ವಲ್ಪ ಏರುತ್ತಿತ್ತು; ಸೀಟು ನಿಲ್ಲುವ ಜಾಗವೂ ಅಷ್ಟೇ ಏರಿ ಕೂತಿರುತ್ತಿತ್ತು. ಪ್ರೈವೇಟ್ ಕಾಲೇಜಿನ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಪ್ಪ ಕಾಡಂಚಿನ ರೆಸಾರ್ಟೊಂದರಲ್ಲಿ ಗಿಡಗಳಿಗೆ ನೀರು ಬಿಡುವ ಕೆಲಸಕ್ಕಿದ್ದ. ಈ ಸಲ ಅರ್ಜಿ ಹಾಕುವಾಗ, ಇದೇ ಕೊನೆ ಆಗಲಿ ಮಗ, ನೋಡೋಕಾಗಲ್ಲ ಎಂದಷ್ಟೇ ಹೇಳಿದ್ದ. ಏನನ್ನು ನೋಡಲಾಗುವುದಿಲ್ಲ ಎಂದು ಅವನು ಹೇಳಲಿಲ್ಲ.

ಇವತ್ತು ಕಣ್ಣಿನ ಪೊರೆ ತೆಗೆಸಬೇಕಿದ್ದ ಚಿಕ್ಕನಿಂಗಮ್ಮನ ಜೊತೆ ಬಂದದ್ದು ಮುಯ್ಯಿ ತೀರಿಸಲು. ಅವರ ಬೀದಿಯಲ್ಲಿ ಹೆಂಗಸರು ಒಬ್ಬರ ಹೊಲಕ್ಕೊಬ್ಬರು ಮುಯ್ಯಾಳಾಗಿ ಹೋಗುವುದು ಹಿಂದಿನಿಂದಲೂ ಇತ್ತು. ಇವತ್ತು ನೀನು ನಮ್ಮ ಚೆಂಡುಹೂ ಕೊಯ್ದರೆ ನಾಳೆ ನಾನು ನಿಮ್ಮ ಈರುಳ್ಳಿ ಕೀಳಬೇಕು. ಕೂಲಿಯ ಮಾತಿಲ್ಲ. ಅವ್ವನ ಸೊಂಟ ಹಿಡಿದುಕೊಂಡ ವರ್ಷ ಅವಳ ಬದಲಿಗೆ ಗೌರಿ ಹೋದಳು. ಆದರೆ ಪುಸ್ತಕ ಹಿಡಿದ ಕೈ, ಹೂವಿನ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಬೀಳುತ್ತಿತ್ತು. ಆಗ ಒಂದು ದಿನ ಚಿಕ್ಕನಿಂಗಮ್ಮನೇ, ನೀನ್ ಹೂ ಕುಯ್ಯೋದು ನೋಡಕ್ಕಾಗಲ್ಲ ಕಣಮ್ಮಿ, ನಂಜೊತೆ ಆಸ್ಪತ್ರೆಗೆ ಬಾ, ನಿನ್ ಪಾಲಿಂದ್ ಹೂವ ನಾನೇ ಕುಯ್ತೀನಿ ಎಂದಿದ್ದಳು. ಅಲ್ಲಿಂದ ಅದೇ ರೂಢಿಯಾಯಿತು. ಯಾರಿಗೋ ಶುಗರ್ ತೋರಿಸಬೇಕು, ಯಾರದೋ ಸೊಸೆಗೆ ಸ್ಕ್ಯಾನಿಂಗು, ಯಾರದೋ ಮೊಣಕಾಲು. ಗೌರಿ ಅವರನ್ನು ಕರೆದುಕೊಂಡು ಮುಂಜಾನೆಯ ಬಸ್ಸಿಗೆ ಚಾಮರಾಜನಗರಕ್ಕೆ ಬರುವಳು. ಅವರು ಅವಳ ಹೊಲದಲ್ಲಿ ದಿನ ತುಂಬಿಸುವರು. ಯಾವ ಕಿಟಕಿಯಲ್ಲಿ ಚೀಟಿ, ಯಾವ ಬಾಗಿಲ ಮುಂದೆ ಸಾಲು, ರಕ್ತಪರೀಕ್ಷೆಗೆ ಕೊಟ್ಟು ಯಾವ ಕಡೆ ಕಾಫಿ ಕುಡಿಯುವುದು ಎಲ್ಲವೂ ಅವಳಿಗೆ ಅಭ್ಯಾಸವಾಗಿಹೋಗಿತ್ತು. ಈ ಕಾರಿಡಾರಿನಲ್ಲಿ ಅವಳು ಕೂರದ ಬೆಂಚಿರಲಿಲ್ಲ.

"ಪೇಷಂಟ್ ಕಡೆಯೋರು ಯಾರಮ್ಮ?" ವಾರ್ಡಿನ ಸಿಸ್ಟರ್ ಬಾಗಿಲಲ್ಲಿ ನಿಂತು ಕೇಳಿದರು. ನಡುವಯಸ್ಸಿನ ಹೆಂಗಸು. ಕತ್ತಿಗೆ ದಾರದಲ್ಲಿ ಕಟ್ಟಿದ ಕನ್ನಡಕ.

ಗೌರಿ ಎದ್ದು ನಿಲ್ಲುವಷ್ಟರಲ್ಲಿ ಚಿಕ್ಕನಿಂಗಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಇವ್ಳೇ ಕಣವ್ವ. ನಮ್ಮೂರ್ ನರ್ಸಮ್ಮ. ನಿಮ್ಮೋಳೇ."

"ಹೌದಾ? ಯಾವ ಬ್ಯಾಚು?"

ಹಿಂದೆಯೂ ಹೀಗಾಗಿತ್ತು. ಗೌರಿ ಆಗೆಲ್ಲ ನೆಲ ನೋಡಿ ನಕ್ಕುಬಿಡುತ್ತಿದ್ದಳು, ಕೇಳಿದವರೂ ಉತ್ತರಕ್ಕೆ ಕಾಯುತ್ತಿರಲಿಲ್ಲ. ಈ ಸಿಸ್ಟರ್ ಕಾಯುತ್ತಿದ್ದರು. ಅವರ ಹಿಂದೆ ಹನಿಯ ಟ್ರೇ ಹಿಡಿದು ನಿಂತವಳು ಪ್ರಿಯಾಂಕ ಎಂದು ಗೌರಿಗೆ ಆಗಲೇ ಗೊತ್ತಾದದ್ದು. ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಪ್ರಿಯಾಂಕ.

"ಇಲ್ಲ ಮೇಡಂ," ಎಂದಳು ಗೌರಿ. "ನಾನು ನರ್ಸ್ ಅಲ್ಲ. ಓದ್ತಾನೂ ಇಲ್ಲ. ಇವರ ಜೊತೆಗೆ ಬಂದಿದೀನಿ, ಅಷ್ಟೆ."

ಸಿಸ್ಟರ್ ತಲೆಯಾಡಿಸಿ, ಸಹಿ ಮಾಡಬೇಕಾದ ಜಾಗ ತೋರಿಸಿದರು. ಚಿಕ್ಕನಿಂಗಮ್ಮನ ಮುಚ್ಚಿದ ರೆಪ್ಪೆ ಒಮ್ಮೆ ಅದುರಿತು. ವೀಲ್‌ಚೇರು ಬಂತು. ತಳ್ಳುವವನೂ ಕೂರಿಸುವ ಮೊದಲು ಯಾವ ಕಣ್ಣೆಂದು ಕೇಳಿದ.

"ನಿಂಗೂ ಹೇಳ್ಬೇಕಾ?" ಎನ್ನುತ್ತ ಮುದುಕಿ ಒಳಗೆ ಹೋದಳು.

ಪ್ರಿಯಾಂಕ ಟ್ರೇ ಇಟ್ಟು ಬಂದು ಬೆಂಚಿನಲ್ಲಿ ಕೂತಳು. ಕೂತದ್ದು ತುದಿಯಲ್ಲಿ, ಯಾರಾದರೂ ಕರೆದರೆ ಏಳುವ ಹಾಗೆ. ಮೊದಲಿಗಿಂತ ಇಳಿದಿದ್ದಳು. ಕಣ್ಣ ಕೆಳಗೆ ಕಪ್ಪು. ಹಾಸ್ಟೆಲಿನ ಊಟ, ಮುಗಿಯದ ಡ್ಯೂಟಿ, ಬರೆಯಬೇಕಾದ ಕೇಸ್ ಶೀಟು ಎಂದೆಲ್ಲ ಹೇಳಿದಳು. ಗೌರಿಯ ಮುಖ ನೋಡಿ ಅದನ್ನು ಅಲ್ಲಿಗೇ ಬಿಟ್ಟು, ನೀನಿನ್ನೂ ಬರೀತಾನೇ ಇದೀಯಾ ಎಂದು ಕೇಳಿದಳು. ಕೇಳಿದ ಮೇಲೆ ಅವಳಿಗೇ ಮುಜುಗರವಾಯಿತು. ಗೌರಿ ಹೌದೆಂದಳು.

ಮಾತು ಬೆಳೆಯಲಿ ಎಂದೋ ಏನೋ, ಗೌರಿ ಬೇಗೂರಿನ ವಿಷಯ ಹೇಳಿದಳು. ಅವ್ವನ ದೂರದ ಅಣ್ಣ ರಂಗರಾಜು ಅಲ್ಲೊಂದು ಕ್ಲಿನಿಕ್ಕಿನ ಜೊತೆ ಮೆಡಿಕಲ್ ಸ್ಟೋರ್ ಇಟ್ಟಿದ್ದ. ಕ್ಲಿನಿಕ್ಕಿಗೆ ಒಬ್ಬಳು ಹುಡುಗಿ ಬೇಕಿತ್ತು. ಬಿಳಿಕೋಟು ಕೊಡುತ್ತಾರೆ, ಸೂಜಿ ಹಾಕುವುದು, ಡ್ರಿಪ್ ಕೊಡುವುದು ಎಲ್ಲವನ್ನೂ ವಾರದಲ್ಲಿ ಕಲಿಸುತ್ತಾರೆ. "ಸರ್ಟಿಫಿಕೇಟ್ ಯಾರ್ ಕೇಳರು ಕಣಮ್ಮಿ? ಸೂಜಿ ಕಂಡೇಟ್ಗೆ ಎಲ್ರೂ ಕಣ್ ಮುಚ್ಕತರೆ," ಎಂದು ನಕ್ಕಿದ್ದ. ಫಲಿತಾಂಶ ನೋಡಿಕೊಂಡು ನಾಳೆ ಊರಿಗೆ ವಾಪಸ್ಸು ಬರುವಾಗ ಹೇಳುತ್ತೇನೆ ಎಂದು ಗೌರಿ ಬಂದಿದ್ದಳು.

ಪ್ರಿಯಾಂಕ ಉಗುರಿನ ಪಕ್ಕದ ಸಿಪ್ಪೆ ಕೀಳುತ್ತ ಕೂತಳು.

"ಹೋದ ವರ್ಷ ಹಳ್ಳಿ ಕಡೆ ಒಂದು ಕ್ಯಾಂಪು," ಎಂದಳು ಆಮೇಲೆ. "ಯಾವುದೋ ಸ್ಕೂಲಲ್ಲಿ. ಸಾಲಾಗಿ ಕೂತಿದ್ರು, ನಾನು ಹನಿ ಹಾಕ್ತಾ ಬರ್ತಿದ್ದೆ. ಒಂದು ಅಜ್ಜಿ ಮುಖ ತಿರುಗಿಸ್ಕೊಂಡು ಕೂತಿತ್ತು. ನಾನು ಕೇಳಲಿಲ್ಲ ಕಣೇ. ಸೀದಾ ಬೇರೆ ಕಣ್ಣಿಗೆ ಕೈ ಹಾಕಿದೆ. ಸಿಸ್ಟರ್ ನನ್ನ ಹಿಂದೇನೇ ನಿಂತಿದ್ರು. ಮಣಿಕಟ್ಟು ಹಿಡ್ಕೊಂಡ್ರು."

"ಬೈದ್ರಾ?"

"ಇಲ್ಲ. ಹಿಡ್ಕೊಂಡ್ರು, ಅಷ್ಟೇ. ಇನ್ನೂ ಹಿಡ್ಕೊಂಡಂಗೇ ಇದೆ."

ಒಳಗಿನಿಂದ ಯಾರೋ ಕೂಗಿದರು. ಪ್ರಿಯಾಂಕ ಎದ್ದು ಓಡಿದಳು.

ಮೊಬೈಲಿನ ಚಕ್ರ ನಿಂತಿತ್ತು. ಗೌರಿ ಅದನ್ನು ನೋಡಿದ್ದು ಆಪರೇಷನ್ ಕೋಣೆಯ ಮೇಲಿನ ಕೆಂಪು ದೀಪ ಇನ್ನೂ ಉರಿಯುತ್ತಿದ್ದಾಗ. ಅವಳ ಹೆಸರು, ಅಪ್ಪನ ಹೆಸರು ಕರಿಬಸವಯ್ಯ, ರ‍್ಯಾಂಕು, ಅದರ ಕೆಳಗೆ ನೋ ಸೀಟ್ ಅಲಾಟೆಡ್. ಅದೇ ಅಕ್ಷರ, ಅದೇ ಬೂದು ಬಣ್ಣ. ಪ್ರತಿ ಸಲವೂ ಅವಳು ಈ ಸಾಲನ್ನು ಎರಡು ಮೂರು ಸಲ ಓದುತ್ತಿದ್ದಳು, ಇಂಗ್ಲಿಷಿನಲ್ಲಿ ಬೇರೇನಾದರೂ ಅರ್ಥ ಇರಬಹುದೇನೋ ಎಂಬ ಹಾಗೆ. ಈ ಸಲ ಒಮ್ಮೆ ಓದಿ ಮುಚ್ಚಿದಳು. ಅಳು ಬರಲಿಲ್ಲ. ಹಸಿವಾಗಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂದು ನೆನಪಾಯಿತು. ಇಂಥ ಹೊತ್ತಿನಲ್ಲಿ ಹಸಿವಾಗುತ್ತಿರುವುದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಕ್ಯಾಂಟೀನಿಗೆ ಹೋಗಿ ಚಿತ್ರಾನ್ನ ತಿಂದಳು. ತಣ್ಣಗಾಗಿತ್ತು. ಪೂರ್ತಿ ತಿಂದಳು. ಕೈ ತೊಳೆದುಕೊಂಡು ಮತ್ತೆ ಅದೇ ಬೆಂಚಿಗೆ ಬಂದು, ಮೂಗುಬಟ್ಟು ಗಂಟಿನಲ್ಲಿದೆಯೇ ಎಂದು ಒತ್ತಿ ನೋಡಿಕೊಂಡಳು.

ಮರುದಿನ ಕಣ್ಣಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ, ಹನಿಯ ಸೀಸೆ ಕೊಟ್ಟು ಕಳಿಸಿದರು. ಬಗ್ಗಬಾರದು, ಕಣ್ಣಿಗೆ ನೀರು ತಾಕಿಸಬಾರದು, ದೂಳಿಗೆ ಹೋಗಬಾರದು, ಕೈ ತೊಳೆದೇ ಹನಿ ಹಾಕಬೇಕು. ಸಿಸ್ಟರ್ ಎಲ್ಲವನ್ನೂ ಗೌರಿಗೆ ಹೇಳಿ, ಆಮೇಲೆ ಅವಳಿಂದಲೇ ಒಮ್ಮೆ ಹೇಳಿಸಿದರು. ಕೈ ತೊಳೆಯುವುದನ್ನು ಅವಳು ಮರೆತಿದ್ದಳು. ಮೊದಲಿಂದ ಹೇಳು ಎಂದರು. ಹೇಳಿದಳು.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಮುದುಕಿಯನ್ನು ಕೂರಿಸಿ, ಗಾಳಿ ಬಡಿಯದಂತೆ ಗಾಜು ಸರಿಸಿದಳು. ತೆರಕಣಾಂಬಿ ದಾಟಿದ ಮೇಲೆ ಚಿಕ್ಕನಿಂಗಮ್ಮ, ಕನ್ನಡಕದ ಮುಖವನ್ನು ಮುಂದಕ್ಕೇ ಇಟ್ಟುಕೊಂಡು ಹೇಳಿದಳು:

"ಆ ದೊಡ್ ನರ್ಸಮ್ಮಂಗೆ ನಾ ನರ್ಸಲ್ಲ ಅಂದ್ಬುಟ್ಟಲ್ಲ."

"ಅಲ್ವಲ್ಲ ದೊಡ್ಡವ್ವ. ಏನ್ ಹೇಳ್ಲಿ ಮತ್ತೆ?"

"ಅಲ್ಲ ಅಂತ ನಂಗ್ ಗೊತ್ತಿಲ್ವಾ? ಬೀದೀಗೆಲ್ಲ ಗೊತ್ತು ಬುಡು. ಕರ್ಯಕ್ಕೊಂದ್ ಹೆಸ್ರು ಬೇಕಲ್ಲ. ಮಾದೇಶನ್ನ ಸಾವ್ಕಾರ ಅಂತೀವಿ. ಅವುನ್ ತಾವ ಏನದ? ಒಂದ್ ಮುರುಕ್ಲು ಬೈಕದ."

ಗೌರಿಗೆ ನಗು ಬಂತು. ನಕ್ಕ ಮೇಲೆ, ಈಗ ಅಳು ಬರುತ್ತದೇನೋ ಎನಿಸಿತು. ಅವಳು ಕಿಟಕಿಯ ಆಚೆ ನೋಡಿದಳು. ಇಷ್ಟು ವರ್ಷ ಸೀಟು ಸಿಗದ್ದನ್ನು ಬೀದಿಯಿಂದ ಮುಚ್ಚಿಟ್ಟಿದ್ದೇನೆ ಎಂದು ಅವಳು ಅಂದುಕೊಂಡಿದ್ದಳು; ತನಗೆ ಅದು ಗೊತ್ತೆಂಬುದನ್ನು ಬೀದಿಯೇ ಅವಳಿಂದ ಮುಚ್ಚಿಟ್ಟಿತ್ತು.

"ಈ ಕಿತವೂ ಬರ್ನಿಲ್ವಾ?"

"ಇಲ್ಲ."

ಮುದುಕಿ ಮಡಿಲಿನ ಚೀಲದಿಂದ ಆಸ್ಪತ್ರೆಯಲ್ಲಿ ಕೊಟ್ಟ ಬನ್ನು ತೆಗೆದು ಅರ್ಧ ಮುರಿದು ಕೊಟ್ಟಳು.

ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಕಡೆಯ ಬಸ್ಸು ಇಂಜಿನ್ ಆನ್ ಮಾಡಿಕೊಂಡು ನಿಂತಿತ್ತು. ಕಂಡಕ್ಟರ್ ಬಾಗಿಲು ತಟ್ಟುತ್ತ ಬೇಗೂರು, ನಂಜನಗೂಡು ಎಂದು ಕೂಗುತ್ತಿದ್ದ. ಹಂಗಳದ ಬಸ್ಸು ಇನ್ನೂ ಬಂದಿರಲಿಲ್ಲ. ಬೆಂಚಿನಲ್ಲಿ ಮುದುಕಿಯನ್ನು ಕೂರಿಸುವಷ್ಟರಲ್ಲಿ ರಂಗರಾಜುವಿನ ಫೋನು ಬಂತು. ಅವನಿಗೆ ಸುದ್ದಿ ಗೊತ್ತಿತ್ತು, ಅಥವಾ ಗೊತ್ತಿದ್ದವನಂತೆಯೇ ಮಾತಾಡಿದ. ಕೋಟು ಹೊಲಿಸಿ ಆಗಿದೆ, ಜೇಬಿನ ಮೇಲೆ ಹೆಸರನ್ನೂ ಹಾಕಿಸಿದ್ದೇನೆ, ಕೆಲಸಕ್ಕೆ ಸೇರಲು ಸೋಮವಾರದ ತನಕ ಯಾಕೆ ಕಾಯಬೇಕು, ಈಗಲೇ ಬಸ್ಸು ಹತ್ತಿ ಬಂದು ನೋಡಿಕೊಂಡು ಹೋಗು ಎಂದ. ಜೇಬಿನ ಮೇಲೆ ಹೆಸರು ಎಂದಾಗ ಗೌರಿಯ ಕಣ್ಣಿಗೆ ಅದು ಕಂಡೇಬಿಟ್ಟಿತು. ನೀಲಿ ದಾರ. ಪುಟ್ಟ ಅಕ್ಷರ. ಅವಳಿಗೆ ಅದು ಬೇಕಿತ್ತು. ಬೇಡವೆಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ಮಾವ, ಅಲ್ಲಿ ನಾನು ಸೂಜಿ ಹಾಕುವಾಗ ಹಿಂದೆ ಯಾರು ನಿಂತಿರ್ತಾರೆ?"

"ಇಂದೆ ಯಾಕ್ ನಿಂತ್ಕಬೇಕು? ಡಾಕುಟ್ರು ಸಂಜೆ ಮೇಲ್ ಬತ್ತರೆ. ಅಲ್ಲೀಗಂಟ ನೀನೇ ಎಲ್ಲ."

ಗೌರಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ನಾನು ಬರಲ್ಲ ಮಾವ."

"ಯಾಕಮ್ಮಿ? ಸೀಟ್ ಬಂದುಡ್ತಾ?"

"ಇಲ್ಲ."

"ಮತ್ತೇನ್ ಮಾಡಿಯೆ?"

ಬೇಕಾದಷ್ಟು ಹುಡುಗಿಯರು ಕಾಯುತ್ತಿದ್ದಾರೆ, ಆಮೇಲೆ ಕೇಳಿಕೊಂಡು ಬರಬೇಡ ಎಂದು ಅವನು ಹೇಳುತ್ತಿದ್ದ. ಸಿಟ್ಟಿನಿಂದಲ್ಲ; ತಂಗಿಯ ಮಗಳೆಂದು ಮಾಡಿಟ್ಟ ಉಪಕಾರ ನೆಲಕ್ಕೆ ಬಿದ್ದ ಬೇಸರದಿಂದ. ಅವಳು ಆಯ್ತು ಮಾವ, ಆಯ್ತು ಎಂದಳು. ಮೈಸೂರು ಬಸ್ಸು ಹಿಂದಕ್ಕೆ ಬಂದು, ತಿರುಗಿ, ಹೆದ್ದಾರಿಯ ಕಡೆಗೆ ಹೊರಟಿತು. ಅದು ಮರೆಯಾಗುವ ತನಕ ನೋಡುತ್ತಿದ್ದಳು. ಚಿಕ್ಕನಿಂಗಮ್ಮ ಮೂಗುಬಟ್ಟಿಗೆ ಕೈ ಚಾಚಿದಳು.

"ಕೊಡಮ್ಮಿ ಇತ್ತಗೆ. ಬೋಳ್ ಮೂಗಲ್ಲಿ ಊರೊಳಕ್ ಓಗಕ್ಕಾದದ?"

ಹಂಗಳದಲ್ಲಿ ಹೂವಿನ ಕೊನೆಯ ಕೊಯ್ಲು. ಓಣಂ ಮುಗಿದ ಮೇಲೆ ಮೊಬೈಲು ಹಿಡಿದು ಫೋಟೋಗೆಂದು ಹೊಲಕ್ಕಿಳಿಯುವ ಕೇರಳದವರ ಕಾರುಗಳು ಕಡಿಮೆಯಾಗಿದ್ದವು. ಹೂವಿನಿಂದ ಬಣ್ಣ ತೆಗೆಯುವ ಫ್ಯಾಕ್ಟರಿಯ ಲಾರಿ ಸಂಜೆಗೆ ಬರಬೇಕಿತ್ತು. ಗೌರಿಯವರ ಮನೆಯ ಮುಂದೆ ಚೆಂಡುಹೂವಿನ ಮೂಟೆಗಳು ಸಾಲಾಗಿ ನಿಂತಿದ್ದವು. ಅವಳ ಪಾಲಿನ ಸಾಲುಗಳನ್ನು ಚಿಕ್ಕನಿಂಗಮ್ಮನ ಸೊಸೆಯೂ ಇನ್ನಿಬ್ಬರೂ ಕೊಯ್ದು ಮುಗಿಸಿದ್ದರು. ಅವ್ವ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡು ಕೊನೆಯ ಮೂಟೆಯ ಬಾಯಿ ಹೊಲಿಯುತ್ತಿದ್ದಳು. ಮಗಳನ್ನು ನೋಡಿ, ಉಂಡ್ಯಾ ಎಂದಳು. ಆಮೇಲೆ ಅವಳ ಮುಖವನ್ನೇ ನೋಡಿದಳು.

"ಸೀಟು ಬರಲಿಲ್ಲ ಕಣವ್ವ," ಎಂದಳು ಗೌರಿ. "ಬೇಗೂರಿಗೂ ಹೋಗಲ್ಲ ಅಂದೆ."

ನಾಗಲಕ್ಷ್ಮಿ ದಬ್ಬಳ ಚುಚ್ಚಿ ದಾರ ಎಳೆದಳು. ಇನ್ನೊಮ್ಮೆ ಚುಚ್ಚಿ ಎಳೆದಳು, ಬೇಕಾದ್ದಕ್ಕಿಂತ ಬಿಗಿಯಾಗಿ. ಗೋಣಿಯ ಅಂಚು ಹರಿಯಿತು.

"ನನ್ ಸೊಂಟ ಇನ್ನೆಷ್ಟ್ ದಿನ ಬಂದದು ಅಂತ ಅಂದ್ಕಂಡಿದೀಯೆ?"

ಗೌರಿ ಬಗ್ಗಿ ಹರಿದ ಕಡೆ ಎರಡೂ ಅಂಚುಗಳನ್ನು ಸೇರಿಸಿ ಹಿಡಿದಳು. ಅವ್ವ ಅವಳ ಬೆರಳುಗಳ ನಡುವೆ ದಬ್ಬಳ ಹಾಕಿ ಮತ್ತೆ ಹೊಲಿಯತೊಡಗಿದಳು. ದಾರ ಕಡಿದ ಮೇಲೆ, ಟೈಲರ್ ರಜಾಕನ ಹೆಂಡತಿ ಮೆಹರ್ ಬಾನು ಬಂದಿದ್ದಳು, ಅವಳ ಅತ್ತೆಯ ಕಾಲಿನ ಗಾಯ ಮಾಯುತ್ತಿಲ್ಲವಂತೆ, ಗುರುವಾರ ನೀನು ಬಿಡುವಾಗಿದ್ದೀಯಾ ಎಂದು ಕೇಳಿ ಹೋದಳು ಎಂದು ಬೇರೆ ಯಾರದೋ ಸುದ್ದಿಯಂತೆ ಹೇಳಿದಳು.

"ಏನಂದೆ?"

"ಇನ್ನೇನ್ ಅನ್ನಾದು? ಬತ್ತಾಳೆ ಅಂದೆ."

ಎದುರು ಮನೆಯ ಜಗಲಿಯಲ್ಲಿ ಚಿಕ್ಕನಿಂಗಮ್ಮ ಗೋಡೆಗೆ ಒರಗಿ ಕೂತಿದ್ದಳು. ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿ, ಇತ್ತ ಕಡೆ ಮೂಟೆಗಳ ಸುತ್ತ ಚೆಲ್ಲಿದ್ದ ಹೂವುಗಳನ್ನೇ ನೋಡುತ್ತಿದ್ದಳು. ಒಂದು ಕಣ್ಣು ಮುಚ್ಚುವುದು, ತೆರೆಯುವುದು. ಆಮೇಲೆ ಇನ್ನೊಂದು.

"ಗೌರಿ, ನಿಮ್ಮೂವು ಇಷ್ಟೊಂದ್ ಕೆಂಪ್ಗಿತ್ತಾ?"

"ಕನ್ನಡಕ ಹಾಕ್ಕೊ ದೊಡ್ಡವ್ವ. ತೆಗೀಬಾರ್ದು ಅಂದಿದ್ರಲ್ಲ."

"ಈ ಕಣ್ಗೆ ಮಾಸ್ದಂಗ್ ಕಂಡದ. ಈ ಕಣ್ಗೆ ಬೆಂಕಿ ಕಂಡಂಗ್ ಕಂಡದ ಕಣಮ್ಮಿ."

ಹನಿ ಹಾಕುವ ಹೊತ್ತಾಗಿತ್ತು. ಗೌರಿ ಬಚ್ಚಲಿಗೆ ಹೋಗಿ ಕೈ ತೊಳೆದಳು. ಹೂವಿನ ಬಣ್ಣ ಬೆರಳ ಸಂದಿಯಲ್ಲಿ ಉಳಿದಿತ್ತು. ಸೋಪು ಹಚ್ಚಿ ಮತ್ತೆ ತೊಳೆದಳು. ಬೀದಿ ದಾಟಿ ಬಂದು, ಸೀಸೆಯ ಮೇಲಿನ ಹೆಸರು ಓದಿ, ಮುದುಕಿಯ ಗಲ್ಲ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದಳು. ಎಡಹುಬ್ಬಿನ ಮೇಲೆ ನೀಲಿ ಬಾಣ ಅರ್ಧ ಅಳಿಸಿತ್ತು.

"ಯಾವ ಕಣ್ಣು, ದೊಡ್ಡವ್ವ?"

ಚಿಕ್ಕನಿಂಗಮ್ಮ ಏನೋ ಹೇಳಲು ಬಾಯಿ ತೆರೆದಳು. ತನ್ನ ಮುಖದ ಮೇಲೆ ನಿಂತಿದ್ದ, ಇನ್ನೂ ಒದ್ದೆಯಾಗಿದ್ದ ಕೈಯನ್ನು ನೋಡಿದಳು.

"ಎಡದ್ದು ಕಣವ್ವ," ಎಂದಳು.